ದೋಣಿ ಮೋಟಾರಿನ ಆಯಿಲು: ಹೊಳೆಗೆ ಹನಿ ಬೀಳದ ಹಾಗೆ ಬದಲಿಸುವ ಕ್ರಮ

ಕುದುರಿನಲ್ಲಿ ಕೃಷಿ ಮಾಡುವವನಿಗೆ ದೋಣಿಯೇ ಪಿಕಪ್ಪು, ದೋಣಿಯೇ ಆಟೋರಿಕ್ಷಾ. ತೆಂಗಿನಕಾಯಿ ಆಚೆ ದಡ ಸೇರಬೇಕು, ಹಿಂಡಿ-ಗೊಬ್ಬರ ಈಚೆ ಬರಬೇಕು, ಬೆಳಗ್ಗಿನ ಹಾಲು ಹೊತ್ತಿಗೆ ಸರಿಯಾಗಿ ಡೈರಿಗೆ ಮುಟ್ಟಬೇಕು. ಮಳೆಗಾಲದ ಅಪರಾತ್ರಿ ಯಾರಿಗಾದರೂ ಎದೆನೋವು ಬಂದರೂ ದೋಣಿಯೇ ಆಗಬೇಕು. ಸ್ವರ್ಣಾ ಮತ್ತು ಸೀತಾ ನದಿಗಳು ಕೋಡಿಬೆಂಗ್ರೆಯ ಹತ್ತಿರ ಸಮುದ್ರ ಸೇರುವ ಮೊದಲು ಎಷ್ಟೋ ಕುದುರುಗಳನ್ನು ಬಳಸಿಕೊಂಡು ಹರಿಯುತ್ತವೆ. ಕುದುರು ಅಂದರೆ ಹೊಳೆ ನಡುವಿನ ದ್ವೀಪ, ಘಟ್ಟದ ಮೇಲಿನ ಓದುಗರಿಗಾಗಿ ಹೇಳಿದೆ. ಕೆಲವಕ್ಕೆ ಸೇತುವೆ ಬಂದಿದೆ. ನಮ್ಮಂಥ ಕೆಲವರಿಗೆ ಈಗಲೂ ದೋಣಿಯೇ ಗತಿ.

ಹಾಗಾಗಿ ದೋಣಿಯ ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರು ನಮಗೆ ಪಂಪ್‌ಸೆಟ್ಟಿನಷ್ಟೇ ಕೃಷಿ ಉಪಕರಣ. ಪಂಪು ಕೆಟ್ಟರೆ ತೋಟ ಎರಡು ದಿನ ತಡೆದೀತು. ಆಷಾಢದ ಕೆಂಪುನೀರಿನ ನಡುವೆ ದೋಣಿ ಮೋಟಾರು ನಿಂತರೆ ಎರಡು ನಿಮಿಷವೂ ತಡೆಯುವುದಿಲ್ಲ, ಸೆಳೆತ ಎಲ್ಲಿಗೋ ಒಯ್ಯುತ್ತದೆ. ಮೋಟಾರು ಎಷ್ಟೇ ಒಳ್ಳೆಯದಿರಲಿ, ಹುಟ್ಟು ಮತ್ತು ಗಳ ದೋಣಿಯಲ್ಲಿ ಇರಲೇಬೇಕು ಅನ್ನುವುದು ಇದಕ್ಕೇ.

ಈ ಮೋಟಾರುಗಳ ಆಯಿಲು ಬದಲಿಸುವುದು ಕಷ್ಟದ ಕೆಲಸ ಅಲ್ಲ. ಸ್ಕೂಟರಿಗೆ ಮಾಡುವವರು ಇದಕ್ಕೂ ಮಾಡಬಹುದು. ಆದರೂ ಹೆಚ್ಚಿನವರು ಮುಂದೆ ಹಾಕುತ್ತಲೇ ಇರುತ್ತಾರೆ. ಕಾರಣ ಕೇಳಿದರೆ ‘ಅದು ಭಾರೀ ರಗಳೆ ಮಾರಾಯ್ರೆ, ಮೈಯೆಲ್ಲಾ ಎಣ್ಣೆ’ ಅಂತಾರೆ. ಮಾಡುವವರಲ್ಲಿಯೂ ಕೆಲವರು ದೋಣಿ ನೀರಿನಲ್ಲಿರುವಾಗಲೇ ಬೋಲ್ಟು ಬಿಚ್ಚಿ, ಅರ್ಧ ಡಬ್ಬಿಗೆ, ಅರ್ಧ ಹೊಳೆಗೆ ಬಿಡುವುದನ್ನು ನೋಡಿದ್ದೇನೆ. ರಗಳೆ ಇಲ್ಲದೆ, ಹೊಳೆ ಕೆಡಿಸದೆ ಮಾಡಲು ಬರುತ್ತದೆ. ನಾನು ಅನುಸರಿಸುವ ಕ್ರಮ ಇಲ್ಲಿ ಬರೆದಿದ್ದೇನೆ.

ನಿಮ್ಮದು ಯಾವ ಮೋಟಾರು?

ಮೊದಲು ಇದು ತಿಳಿದಿರಬೇಕು. ಮೀನುಗಾರಿಕೆಯ ನಾಡದೋಣಿಗಳಲ್ಲಿ ಬಹುಕಾಲದಿಂದ ಇರುವುದು ಟೂ ಸ್ಟ್ರೋಕ್ ಮೋಟಾರು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವಂಥದ್ದು. ಅದರಲ್ಲಿ ಇಂಜಿನ್ ಆಯಿಲು ಇಂಧನದ ಜತೆಗೇ ಉರಿದು ಹೋಗುತ್ತದೆ, ಬದಲಿಸಲು ಏನೂ ಇಲ್ಲ. ಫೋರ್ ಸ್ಟ್ರೋಕಿನಲ್ಲಿ ಕಾರಿನ ಹಾಗೆ ಕೆಳಗೆ ಆಯಿಲಿನ ಸಂಪು ಉಂಟು, ಅದನ್ನು ಕಾಲಕಾಲಕ್ಕೆ ಖಾಲಿ ಮಾಡಿ ಹೊಸತು ತುಂಬಬೇಕು. ಮನೆಬಳಕೆಯ ಸಣ್ಣ ದೋಣಿಗಳಿಗೆ ಈಗ ಹೆಚ್ಚಾಗಿ ಬರುತ್ತಿರುವುದು ಇದು.

ಎರಡು ಜಾತಿಗೂ ಸಮಾನವಾದದ್ದು ಫ್ಯಾನಿನ ಮುಂದಿರುವ ಗೇರ್‌ಬಾಕ್ಸು. ಸದಾ ನೀರೊಳಗೆ ಮುಳುಗಿರುವ ಆ ಗುಂಡಗಿನ ಭಾಗದಲ್ಲಿ ಪ್ರತ್ಯೇಕ ಗೇರ್ ಆಯಿಲು ಇರುತ್ತದೆ. ‘ನಮ್ಮದು ಟೂ ಸ್ಟ್ರೋಕು, ಆಯಿಲು ಬದಲಿಸುವ ತಾಪತ್ರಯ ಇಲ್ಲ’ ಅಂದುಕೊಂಡವರ ಗೇರ್‌ಬಾಕ್ಸೇ ಮೊದಲು ಕೆಡುವುದು. ಟೂ ಸ್ಟ್ರೋಕಿನವರು ಮುಂದಿನ ಕೆಲವು ಪ್ಯಾರಾ ಬಿಟ್ಟರೂ ಗೇರ್‌ಬಾಕ್ಸಿನ ಭಾಗ ಬಿಡಬೇಡಿ.

ಹೊಸ ಮೋಟಾರಿಗೆ ಮೊದಲ ಸಲ 20 ಗಂಟೆ ಓಡಿದ ಮೇಲೆ, ಆಮೇಲೆ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಅಂತ ಹೆಚ್ಚಿನ ಪುಸ್ತಕಗಳಲ್ಲಿ ಇರುತ್ತದೆ. ನಮ್ಮ ಕಡವು ದಾಟಲು ಒಮ್ಮೆಗೆ ಏಳು ನಿಮಿಷ. ದಿನಕ್ಕೆ ನಾಲ್ಕು ಸಲ ದಾಟಿದರೆ 28 ನಿಮಿಷ. ಆ ಲೆಕ್ಕದಲ್ಲಿ 100 ಗಂಟೆ ಆಗಲು ಏಳು ತಿಂಗಳು ಬೇಕು. ಆದರೆ ಕಡವಿನ ಓಡಾಟಕ್ಕೆ ಈ ಗಂಟೆ ಲೆಕ್ಕ ಪೂರಾ ಹೊಂದುವುದಿಲ್ಲ. ಇಂಜಿನು ತಣ್ಣಗಿರುವಾಗ ಪೆಟ್ರೋಲು ಪೂರ್ತಿ ಉರಿಯದೆ ಸ್ವಲ್ಪ ಸ್ವಲ್ಪ ಪಿಸ್ಟನ್ನಿನ ಬದಿಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಉರಿದ ಹೊಗೆಯಲ್ಲಿರುವ ನೀರಾವಿಯೂ ಒಳಗೆ ಹನಿಗಟ್ಟುತ್ತದೆ. ಒಂದು ಗಂಟೆ ಒಂದೇ ಸಮನೆ ಓಡಿದರೆ ಆಯಿಲು ಕಾದು ಇವೆರಡೂ ಆವಿಯಾಗಿ ಹೋಗುತ್ತವೆ. ಏಳು ನಿಮಿಷದಲ್ಲಿ ಕಾಯುವುದೆಲ್ಲಿ? ಹೊಳೆಯ ನೀರು ಬೇರೆ ಇಂಜಿನನ್ನು ತಂಪು ಮಾಡುತ್ತಲೇ ಇರುತ್ತದೆ. ಹೀಗೆ ದಿನವೂ ಹತ್ತಿಪ್ಪತ್ತು ಹನಿ ಸೇರಿ ಆಯಿಲು ನೀರಾಗುತ್ತದೆ. ಗೇಜು ಕಡ್ಡಿಯಲ್ಲಿ ಮಟ್ಟ ಇಳಿಯುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ ಇದೇ ಕತೆ. ಕೆಲವರು ‘ನಮ್ಮ ಮೋಟಾರು ಆಯಿಲು ಕುಡಿಯುವುದೇ ಇಲ್ಲ’ ಅಂತ ಖುಷಿಪಡುವುದುಂಟು! ಕುಡಿಯದಿರುವುದು ಸರಿ, ಹೆರುವುದು ಸರಿಯಲ್ಲ.

ಅದಕ್ಕೇ ನಾನು ಗಂಟೆ ನೋಡದೆ ವರ್ಷಕ್ಕೆ ಎರಡು ಸಲ ಬದಲಿಸುತ್ತೇನೆ. ಮೇ ನಡುವಿನಲ್ಲಿ, ಮಳೆ ಹಿಡಿಯುವ ಮೊದಲು ಒಮ್ಮೆ. ದೀಪಾವಳಿ ಕಳೆದ ಮೇಲೆ ಒಮ್ಮೆ. ಜತೆಗೆ ವಾರಕ್ಕೊಂದು ಸಲವಾದರೂ ಅರ್ಧ ಗಂಟೆ ಚೆನ್ನಾಗಿ ವೇಗದಲ್ಲಿ ಓಡಿಸಿ ಬರುವುದು ಒಳ್ಳೆದು. ಕಾಯಿ ಲೋಡು ಸಾಗಿಸುವ ದಿನ ಅದು ತಾನಾಗಿಯೇ ಆಗುತ್ತದೆ.

ನೀರಿನ ಮೇಲೆ ಬೇಡ

ಒಂದು ಲೀಟರು ಆಯಿಲು ಅಂದರೆ ಸಣ್ಣ ಸಂಗತಿ ಅನ್ನಿಸಬಹುದು. ಆದರೆ ನೀರಿನ ಮೇಲೆ ಅದು ಕಾಗದಕ್ಕಿಂತ ತೆಳ್ಳಗೆ ಹರಡುತ್ತದೆ. ಭರತದ ನೀರು ಅದನ್ನು ಮೇಲಕ್ಕೆ ಒಯ್ಯುತ್ತದೆ, ಇಳಿತದಲ್ಲಿ ನೀರು ಜಾರಿದಾಗ ಕೆಸರಿನ ಮೇಲೆ ಕೂರುತ್ತದೆ. ನಮ್ಮ ಹೆಂಗಸರು ಮರುವಾಯಿ ಹೆಕ್ಕುವುದು ಅದೇ ಕೆಸರಿನಲ್ಲಿ. ಮರುವಾಯಿ ನೀರನ್ನು ಸೋಸಿ ತಿನ್ನುವ ಪ್ರಾಣಿ. ನೀರಲ್ಲಿರುವುದೆಲ್ಲ ಅದರ ಹೊಟ್ಟೆಯ ಮೂಲಕ ಹಾಯಬೇಕು. ಸೀಮೆಎಣ್ಣೆ ವಾಸನೆಯ ಮರುವಾಯಿ ಸಾರು ಉಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಂತ ನೆಲಕ್ಕೆ ಚೆಲ್ಲಿದರೂ ನಡೆಯದು. ಕುದುರಿನ ಮಣ್ಣು ಹೊಯಿಗೆ, ಸುರಿದದ್ದು ಸೀದಾ ಕೆಳಗೆ. ನಮ್ಮ ಬಾವಿಯ ಸಿಹಿನೀರು ಅಂದರೆ ಮಳೆನೀರು ಇಂಗಿ, ಅಡಿಯ ಉಪ್ಪುನೀರಿನ ಮೇಲೆ ತೇಲಿಕೊಂಡಿರುವ ಒಂದು ಪದರ, ಅಷ್ಟೆ. ಬೇಸಗೆಯಲ್ಲಿ ಕೊಡಪಾನ ಮೆಲ್ಲಗೆ ಇಳಿಸಿ ಎತ್ತುವವರು ನಾವು. ಅದಕ್ಕೆ ಮೇಲಿನಿಂದ ಎಣ್ಣೆ ಇಳಿದರೆ ಬೇರೆ ಬಾವಿ ತೋಡಲು ಬೇರೆ ನೆಲ ಎಲ್ಲುಂಟು?

ಆದ್ದರಿಂದ ಮೋಟಾರನ್ನು ದೋಣಿಯಿಂದ ಇಳಿಸಿ ಮನೆಯಂಗಳಕ್ಕೆ ತರುವುದು ಮೊದಲ ಕೆಲಸ. ನನ್ನದು 9.9 ಅಶ್ವಶಕ್ತಿಯದು, ಸುಮಾರು 40 ಕಿಲೋ ತೂಗುತ್ತದೆ. ಇಬ್ಬರು ಬೇಕು. ದೊಡ್ಡ ಮೋಟಾರಾದರೆ ಇಳಿತದ ಹೊತ್ತು ನೋಡಿ ದೋಣಿಯನ್ನೇ ದಡಕ್ಕೆ ಎಳೆದು ಮಾಡಬೇಕು. ಎರಡು ಕಾಲಿಗೆ ಅಡ್ಡ ಹಲಗೆ ಹೊಡೆದು, ದೋಣಿಯ ಹಿಂಬದಿಯಷ್ಟೇ ದಪ್ಪದ ಒಂದು ಸ್ಟ್ಯಾಂಡ್ ಮಾಡಿಟ್ಟುಕೊಂಡರೆ ಯಾವಾಗಲೂ ಉಪಯೋಗಕ್ಕೆ ಬರುತ್ತದೆ. ಒಣಗಿದ ತೆಂಗಿನ ಮರದ ತುಂಡು ಸಾಕು. ಪಾದ ಅಗಲ ಇರಲಿ, ಮೋಟಾರಿನ ತಲೆಭಾರ ಜಾಸ್ತಿ.

ಹೊತ್ತು ತರುವಾಗ ಒಂದು ಎಚ್ಚರ. ಫೋರ್ ಸ್ಟ್ರೋಕ್ ಮೋಟಾರನ್ನು ಹೇಗೆ ಬೇಕಾದರೂ ಮಲಗಿಸಬಾರದು. ಯಾವ ಮಗ್ಗುಲಿಗೆ ಮಲಗಿಸಬಹುದು ಅಂತ ಸಣ್ಣ ಮೋಟಾರುಗಳ ಮೈಮೇಲೆಯೇ ಗುರುತು ಇರುತ್ತದೆ, ಪುಸ್ತಕದಲ್ಲಿಯೂ ಇರುತ್ತದೆ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಸಂಪಿನ ಆಯಿಲು ಸಿಲಿಂಡರಿಗೆ ಹೋಗುತ್ತದೆ. ಆಮೇಲೆ ಹಗ್ಗ ಎಳೆದರೆ ಬರುವುದೇ ಇಲ್ಲ, ಬಂದರೆ ಊರಿಗೆಲ್ಲ ಹೊಗೆ. ಮಲಗಿಸುವ ಮೊದಲು ನಿಲ್ಲಿಸಿ ಒಳಗಿನ ನೀರನ್ನೆಲ್ಲಾ ಇಳಿಯಬಿಡಿ. ಫ್ಯಾನಿನ ಬದಿ ತಲೆಗಿಂತ ಮೇಲಾಗದಿರಲಿ.

ಡ್ರಮ್ಮಿನಲ್ಲಿ ಓಡಿಸಿ ಬಿಸಿ ಮಾಡಿ

ತಣ್ಣಗಿನ ಆಯಿಲು ಜೋನಿಬೆಲ್ಲದ ಹಾಗೆ ಇಳಿಯುತ್ತದೆ. ಅರ್ಧ ಕೊಳೆ ಒಳಗೇ ಉಳಿಯುತ್ತದೆ. ಹದವಾಗಿ ಬಿಸಿಯಾದರೆ ನೀರಿನ ಹಾಗೆ ಓಡಿ ಬರುತ್ತದೆ, ಕೊಳೆಯನ್ನೂ ತರುತ್ತದೆ. ಮೇಲ್ಭಾಗ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಿಹಿನೀರು ತುಂಬಿಸಿ, ಸ್ಟ್ಯಾಂಡಿನಲ್ಲಿರುವ ಮೋಟಾರಿನ ಕಾಲು ಅದರೊಳಗೆ ಇರುವ ಹಾಗೆ ನಿಲ್ಲಿಸಿ. ಫ್ಯಾನಿನ ಮೇಲೆ ಅಡ್ಡಕ್ಕೆ ಇರುವ ತಟ್ಟೆಯೂ ಮುಳುಗಬೇಕು. ನ್ಯೂಟ್ರಲಿನಲ್ಲಿ, ಕಡಿಮೆ ವೇಗದಲ್ಲಿ ಹತ್ತು ನಿಮಿಷ ಓಡಲಿ. ಫ್ಯಾನು ಬಿಚ್ಚಿಟ್ಟರೆ ಇನ್ನೂ ಕ್ಷೇಮ. ಹೇಗೂ ಆಮೇಲೆ ಬಿಚ್ಚಲಿಕ್ಕುಂಟು. ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ. ಒಳಗೆ ನೀರೆತ್ತುವ ರಬ್ಬರಿನ ಚಕ್ರವೊಂದಿದೆ, ಒಣಗಿ ತಿರುಗಿದರೆ ಕೆಲವೇ ಸೆಕೆಂಡಿನಲ್ಲಿ ಸುಟ್ಟುಹೋಗುತ್ತದೆ. ಡ್ರಮ್ಮು ತೆರೆದ ಜಾಗದಲ್ಲಿರಲಿ, ಕೊಟ್ಟಿಗೆಯೊಳಗೆ ಹೊಗೆ ಕಟ್ಟುತ್ತದೆ.

ಹೀಗೆ ಮಾಡುವುದರಿಂದ ಇನ್ನೊಂದು ಲಾಭ. ನಮ್ಮ ಹೊಳೆ ಬೇಸಗೆಯಲ್ಲಿ ಉಪ್ಪು. ಇಂಜಿನಿನ ನೀರಿನ ದಾರಿಯಲ್ಲಿ ಕೂತ ಉಪ್ಪೆಲ್ಲಾ ಈ ಹತ್ತು ನಿಮಿಷದಲ್ಲಿ ತೊಳೆದುಹೋಗುತ್ತದೆ.

ನಿಲ್ಲಿಸಿದ ಮೇಲೆ ತುರ್ತು ನಿಲುಗಡೆಯ ಕೆಂಪು ಕ್ಲಿಪ್ಪು ಕಿತ್ತು ಕಿಸೆಗೆ ಹಾಕಿಕೊಳ್ಳಿ. ಮಕ್ಕಳಿರುವ ಮನೆಯಾದರೆ ಪ್ಲಗ್ಗಿನ ವಯರೂ ಕಳಚಿಡಿ. ಐದು ನಿಮಿಷ ಬಿಟ್ಟು ಕೆಲಸ ಶುರು ಮಾಡಿ. ಆಯಿಲು ಬೆಚ್ಚಗಿದ್ದರೆ ಸಾಕು, ಕೈ ಸುಡುವಷ್ಟು ಬೇಡ.

ಆಯಿಲಿಗೆ ಒಂದೇ ದಾರಿ ಕೊಡಿ

ಕಾರಿನಲ್ಲಿ ಸಂಪಿನ ಬೋಲ್ಟು ಅಡಿಯಲ್ಲಿರುತ್ತದೆ, ಬಿಚ್ಚಿದರೆ ನೇರ ಕೆಳಗೆ ಬೀಳುತ್ತದೆ. ದೋಣಿ ಮೋಟಾರಿನಲ್ಲಿ ಬೋಲ್ಟು ಇರುವುದು ತಲೆಯ ಕೆಳಗೆ, ಕಾಲಿನ ಮಗ್ಗುಲಿನಲ್ಲಿ. ಬಿಚ್ಚಿದ ಕೂಡಲೇ ಮೊದಲು ಒಂದು ಪಿಚಕಾರಿ ಹಾರುತ್ತದೆ, ರಭಸ ಇಳಿದ ಮೇಲೆ ಕಾಲಿನ ಮೈಯನ್ನು ಅಪ್ಪಿಕೊಂಡು ಇಳಿಯುತ್ತದೆ. ಅಲ್ಲಿಂದ ಸಂದುಗೊಂದು ಹೊಕ್ಕು, ಫ್ಯಾನಿನವರೆಗೆ ಹೋಗಿ ಎಲ್ಲೆಲ್ಲೋ ತೊಟ್ಟಿಕ್ಕುತ್ತದೆ. ರಗಳೆ ಪೂರಾ ಇರುವುದು ಈ ಒಂದು ಜಾಗದಲ್ಲಿ. ಹಾರುವುದಕ್ಕೂ ಜಾರುವುದಕ್ಕೂ ಬಿಡದೆ ಅದಕ್ಕೆ ಒಂದೇ ದಾರಿ ಮಾಡಿಕೊಟ್ಟರೆ ಬಟ್ಟೆಗೂ ತಾಗುವುದಿಲ್ಲ.

ಪೇಟೆಯಲ್ಲಿ ಇದಕ್ಕೆಂದೇ ಸಾಮಾನು ಸಿಕ್ಕೀತು. ನನಗೆ ಅಡಿಕೆ ಹಾಳೆಗಿಂತ ಒಳ್ಳೆಯದು ಕಂಡಿಲ್ಲ. ಒಂದು ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ನೀರು ಒರಸಿ, ಒಂದೂವರೆ ಗೇಣು ಉದ್ದದ ತುಂಡು ಕತ್ತರಿಸಿ. ಮೆತ್ತಗಾದ ಹಾಳೆ ಹೇಳಿದ ಹಾಗೆ ಬಗ್ಗುತ್ತದೆ. ದೋಣಿ (ಮಾಡಿನ ನೀರಿಗೆ ಕಟ್ಟುವ ದೋಣಿ, ಹೊಳೆಯದ್ದಲ್ಲ!) ಆಕಾರಕ್ಕೆ ಮಡಿಚಿ, ಮೇಲಿನ ತುದಿಯನ್ನು ಬೋಲ್ಟಿನ ಅಡಿಯಲ್ಲಿ ಮೋಟಾರಿನ ಮೈಗೆ ಒತ್ತಿ ಹಿಡಿಯುವಂತೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿ. ಮೇಲಿನ ಅಂಚು ಮೈಗೆ ಅಂಟಿ ಕೂರಬೇಕು, ಅಲ್ಲಿ ಸಂದು ಬಿಡಬಾರದು. ಕೆಳಗಿನ ತುದಿ ಐದು ಲೀಟರಿನ ಕ್ಯಾನಿನ ಬಾಯಿಗೆ. ಕ್ಯಾನಿನ ಒಂದು ಮಗ್ಗುಲನ್ನು ಕತ್ತರಿಸಿ ಬಾಯಿ ಅಗಲ ಮಾಡಿಕೊಂಡರೆ ಅನುಕೂಲ. ಹಾಳೆ ಇಲ್ಲದ ಊರಿನವರು ನೀರಿನ ಬಾಟಲಿಯನ್ನು ಉದ್ದಕ್ಕೆ ಸೀಳಿ ಇದೇ ರೀತಿ ಕಟ್ಟಬಹುದು, ಆದರೆ ಬಿಸಿ ಆಯಿಲಿಗೆ ತೆಳು ಬಾಟಲಿ ಮುದುಡುತ್ತದೆ.

ಮೋಟಾರನ್ನು ಹ್ಯಾಂಡಲಿನಿಂದ ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿ, ಬೋಲ್ಟು ನಿಮ್ಮ ಕಡೆ ಬರುವಂತೆ ಮಾಡಿ. ಅಡಿಯಲ್ಲಿ ಹಳೆ ಪೇಪರು ಹಾಸಿ, ಅದರ ಮೇಲೆ ತೆಂಗಿನ ನಾರಿನ ಹುಡಿ ಒಂದು ಬುಟ್ಟಿ ಹರಡಿ. ಹನಿ ಬಿದ್ದರೂ ಹುಡಿ ಅಲ್ಲೇ ಹೀರಿಕೊಳ್ಳುತ್ತದೆ. ಮೇಲೆ ಆಯಿಲು ತುಂಬುವ ಮುಚ್ಚಳ ಈಗ ತೆರೆಯಬೇಡಿ. ಬೋಲ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಉಳಿದದ್ದನ್ನು ಬೆರಳಿನಿಂದ, ಒಳಕ್ಕೆ ಒತ್ತಿ ಹಿಡಿದುಕೊಂಡೇ ತಿರುಗಿಸಿ. ಎಳೆ ಮುಗಿದದ್ದು ಕೈಗೆ ಗೊತ್ತಾಗುತ್ತದೆ. ಆಗ ಒಮ್ಮೆಲೇ ಪಕ್ಕಕ್ಕೆ ಎಳೆಯಿರಿ. ಮೇಲಿನ ಮುಚ್ಚಳ ಹಾಕಿಯೇ ಇರುವುದರಿಂದ ಹಾರುವ ರಭಸ ಕಡಿಮೆ ಇರುತ್ತದೆ. ಆಯಿಲು ಹಾಳೆ ಹಿಡಿದ ಮೇಲೆ ಮುಚ್ಚಳ ತೆರೆದರೆ ಸಲೀಸಾಗಿ ಓಡುತ್ತದೆ. ಮತ್ತೆ ಚಹಾ ಕುಡಿದು ಬನ್ನಿ. ಹದಿನೈದು ನಿಮಿಷ ಕೊನೆಯ ಹನಿಯವರೆಗೆ ಇಳಿಯಲಿ.

ಬೋಲ್ಟು ಬಿಚ್ಚದೆಯೂ ಒಂದು ದಾರಿ ಉಂಟು. ಗೇಜು ಕಡ್ಡಿಯ ತೂತಿನಲ್ಲಿ ಸಪೂರ ಪೈಪು ಇಳಿಸಿ, ದೊಡ್ಡ ಸಿರಿಂಜಿನಿಂದಲೋ ಕೈಪಂಪಿನಿಂದಲೋ ಎಳೆಯುವುದು. ಭಾರದ ಮೋಟಾರನ್ನು ಇಳಿಸಲಾಗದವರಿಗೆ ಇದು ಅತ್ಯಂತ ಶುದ್ಧ ಕ್ರಮ. ಆದರೆ ಕೆಲವು ಮಾದರಿಗಳಲ್ಲಿ ಪೈಪು ಸಂಪಿನ ತಳ ಮುಟ್ಟುವುದಿಲ್ಲ, ಹಳತು ಸ್ವಲ್ಪ ಉಳಿದುಬಿಡುತ್ತದೆ. ಎಳೆದದ್ದನ್ನು ಅಳೆದು, ಪುಸ್ತಕದ ಅಳತೆಗೆ ಹೋಲಿಸಿ ನೋಡಿದರೆ ತಿಳಿಯುತ್ತದೆ. ಪೈಪನ್ನು ಎಂದೂ ಬಾಯಿಂದ ಎಳೆಯಬೇಡಿ. ಸ್ಕೂಟರಿನಿಂದ ಪೆಟ್ರೋಲು ಎಳೆದು ಅಭ್ಯಾಸ ಇದ್ದವರಿಗೇ ಈ ಮಾತು.

ಫಿಲ್ಟರು ಇರುವ ಮೋಟಾರಾದರೆ ಅದನ್ನೂ ಬದಲಿಸಿ. ತೀರಾ ಸಣ್ಣ ಮೋಟಾರುಗಳಿಗೆ ಫಿಲ್ಟರೇ ಇರುವುದಿಲ್ಲ. ಫಿಲ್ಟರು ಅಡ್ಡಕ್ಕೆ ಮಲಗಿರುವುದರಿಂದ ಸಡಿಲಿಸಿದ ಕೂಡಲೇ ಒಳಗಿನದ್ದು ಇಂಜಿನಿನ ಮೈಮೇಲೆ ಸುರಿಯುತ್ತದೆ. ಇದಕ್ಕೆ ಮದ್ದು ಒಂದು ದಪ್ಪ ಪ್ಲಾಸ್ಟಿಕ್ ಚೀಲ. ಸಕ್ಕರೆ ಕಟ್ಟಿ ಬರುವಂಥದ್ದು ಸಾಕು. ಅರ್ಧ ಸುತ್ತು ಸಡಿಲಿಸಿದ ಮೇಲೆ ಚೀಲವನ್ನು ಫಿಲ್ಟರಿಗೆ ಟೋಪಿಯ ಹಾಗೆ ಹಾಕಿ, ಅಂಚನ್ನು ಕೆಳಬದಿಯಲ್ಲಿ ಇಂಜಿನಿಗೆ ಒತ್ತಿ ಹಿಡಿದು, ಚೀಲದ ಹೊರಗಿನಿಂದಲೇ ಕೈಯಿಂದ ತಿರುಗಿಸಿ. ಫಿಲ್ಟರು, ಆಯಿಲು ಎರಡೂ ಚೀಲಕ್ಕೇ ಬೀಳುತ್ತವೆ. ಹಳೆಯ ರಬ್ಬರ್ ಬಳೆ ಇಂಜಿನಿಗೇ ಅಂಟಿ ಉಳಿದಿದೆಯೋ ನೋಡಿ. ಅದರ ಮೇಲೆ ಹೊಸ ಬಳೆ ಕೂತರೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲೆಲ್ಲಾ ಹೊರಗೆ. ಹೊಸ ಬಳೆಗೆ ಒಂದು ಬೆರಳು ಆಯಿಲು ಸವರಿ ಕೈಯಿಂದಲೇ ಕೂರಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿ ಸಾಮಾನ್ಯವಾಗಿ ಸಾಕಾಗುತ್ತದೆ.

ಸಂಪಿನ ಬೋಲ್ಟಿಗೆ ಪ್ರತಿ ಸಲವೂ ಹೊಸ ವಾಷರು. ಅಡಕೆಹೋಳಿನ ಬೆಲೆಯ ವಾಷರು ಉಳಿಸಲು ಹೋಗಿ ವರ್ಷವಿಡೀ ತೊಟ್ಟಿಕ್ಕಿಸುವವರಿದ್ದಾರೆ. ಬಿಗಿ ಮಾಡುವಾಗ ಭೀಮಶಕ್ತಿ ಬೇಡ. ಮೋಟಾರಿನ ಮೈ ಅಲ್ಯೂಮಿನಿಯಂ, ಬೋಲ್ಟು ಕಬ್ಬಿಣ. ನಮ್ಮ ಪರಿಚಯದವರೊಬ್ಬರ ಮೋಟಾರಿಗೆ ಒಂದು ಗ್ಯಾರೇಜಿನಲ್ಲಿ ಉದ್ದ ಪೈಪು ಸಿಕ್ಕಿಸಿ ಬಿಗಿದುಕೊಟ್ಟಿದ್ದರು. ಮುಂದಿನ ಸಲ ಬೋಲ್ಟಿನ ಜತೆಗೆ ಎಳೆಯೂ ಬಂತು.

ಹೊಸ ಆಯಿಲು ತುಂಬುವಾಗ ಮೋಟಾರು ಲಂಬಕ್ಕೆ ನಿಂತಿರಬೇಕು. ಅಳತೆಗಿಂತ ಸ್ವಲ್ಪ ಕಡಿಮೆ ಹೊಯ್ದು, ಐದು ನಿಮಿಷ ಬಿಟ್ಟು, ಕಡ್ಡಿ ನೋಡಿ ಉಳಿದದ್ದು ಸೇರಿಸಿ. ‘ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆದೇ’ ಅನ್ನುವ ಲೆಕ್ಕ ಇಲ್ಲಿ ಆಗದು. ಹೆಚ್ಚಾದರೆ ನೊರೆ ಬಂದು ಉಸಿರಾಟದ ಪೈಪಿನಲ್ಲಿ ಏರುತ್ತದೆ. ಆಯಿಲಿನ ಜಾತಿ ಪುಸ್ತಕ ಹೇಳಿದ್ದೇ ಇರಲಿ. ಡಬ್ಬಿಯ ಮೇಲೆ ‘ಎಫ್‌ಸಿ-ಡಬ್ಲ್ಯು’ ಅಂತ ಇದ್ದರೆ ಅದು ಫೋರ್ ಸ್ಟ್ರೋಕ್ ದೋಣಿ ಮೋಟಾರಿಗೆಂದೇ ತಯಾರಾದದ್ದು, ಉಪ್ಪುನೀರಿನ ತುಕ್ಕು ತಡೆಯುವ ಅಂಶ ಅದರಲ್ಲಿ ಇರುತ್ತದೆ. ಟೂ ಸ್ಟ್ರೋಕಿನದ್ದು ‘ಟಿಸಿ-ಡಬ್ಲ್ಯು 3’. ಒಂದಕ್ಕಿನ್ನೊಂದು ಹಾಕಬಾರದು.

ಗೇರ್‌ಬಾಕ್ಸು: ಬೊಂಡದ ಉಪಾಯ

ಬೊಂಡದ ಕಣ್ಣಿಗೆ ಒಂದೇ ಸಣ್ಣ ತೂತು ಮಾಡಿ ಬಗ್ಗಿಸಿದರೆ ನೀರು ಸುರಿಯುವುದಿಲ್ಲ, ತೊಟ್ಟು ತೊಟ್ಟಾಗಿ ಬರುತ್ತದೆ. ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಬೇಕು. ಗೇರ್‌ಬಾಕ್ಸಿನ ಕೆಲಸ ಇಡೀ ಇದರ ಮೇಲೆಯೇ ನಿಂತಿದೆ.

ಗೇರ್‌ಬಾಕ್ಸಿಗೆ ಎರಡು ಸ್ಕ್ರೂ. ಕೆಳಗಿನದ್ದು ಖಾಲಿ ಮಾಡಲು, ಮೇಲಿನದ್ದು ಗಾಳಿಗೆ. ಕೆಲವು ಹಳೆಯ ಮಾದರಿಗಳಲ್ಲಿ ಕೆಳಗಿನದ್ದರ ಹತ್ತಿರ ಮೂರನೆಯದೊಂದು ಇರುತ್ತದೆ, ಅದು ಗೇರು ಹಾಕುವ ಒಳಭಾಗಗಳನ್ನು ಹಿಡಿದುಕೊಂಡದ್ದು. ಅದನ್ನು ಬಿಚ್ಚಿದರೆ ಗೇರ್‌ಬಾಕ್ಸೇ ಬಿಚ್ಚಬೇಕಾದೀತು. ಚಿತ್ರ ನೋಡಿ ಖಚಿತ ಮಾಡಿಕೊಂಡೇ ಕೈಹಾಕಿ.

ಮೊದಲ ಪರೀಕ್ಷೆ ಹಿಂದಿನ ದಿನ ಓಡಿಸಿದ ಮೋಟಾರಿನ ಮೇಲೆ, ಡ್ರಮ್ಮಿಗೆ ಇಳಿಸುವ ಮೊದಲೇ ಮಾಡುವಂಥದ್ದು. ನೀರು ಆಯಿಲಿಗಿಂತ ಭಾರ. ಗೇರ್‌ಬಾಕ್ಸಿಗೆ ನೀರು ಹೊಕ್ಕಿದ್ದರೆ ರಾತ್ರಿ ಬೆಳಗಾಗುವುದರೊಳಗೆ ತಳಕ್ಕೆ ಇಳಿದಿರುತ್ತದೆ. ಬೆಳಗ್ಗೆ ಅಡಿಗೆ ಒಂದು ಗಾಜಿನ ಬಾಟಲಿ ಹಿಡಿದು ಕೆಳಗಿನ ಸ್ಕ್ರೂವನ್ನು ಮಾತ್ರ ಸ್ವಲ್ಪ ಸಡಿಲಿಸಿ. ಮೇಲಿನದ್ದು ಹಾಕಿಯೇ ಇರುವುದರಿಂದ ನಾಲ್ಕಾರು ತೊಟ್ಟು ಬಂದು ನಿಲ್ಲುತ್ತದೆ. ಮೊದಲು ಬಂದದ್ದು ಬರೀ ನೀರೋ, ಆಯಿಲೋ ನೋಡಿ ಮತ್ತೆ ಬಿಗಿ ಮಾಡಿ.

ಖಾಲಿ ಮಾಡುವಾಗಲೂ ಇದೇ ಸರದಿ. ಕೆಳಗಿನದ್ದು ಪೂರ್ತಿ ತೆಗೆದು, ಡಬ್ಬಿಯನ್ನು ಸರಿಯಾಗಿ ಅಡಿಗೆ ಇಟ್ಟು, ಆಮೇಲೆ ಮೇಲಿನದ್ದನ್ನು ಬಿಚ್ಚಿ. ಮೇಲಿನದ್ದು ಮೊದಲು ಬಿಚ್ಚಿದವರಿಗೆ ಕೆಳಗಿನದ್ದು ಕೈಯಿಂದ ಜಾರಿ ಆಯಿಲಿನ ಡಬ್ಬಿಗೇ ಬೀಳುತ್ತದೆ, ಮೊಣಕೈವರೆಗೆ ಅಭ್ಯಂಜನ.

ಈಗ ಬಂದ ಆಯಿಲನ್ನು ಚೆನ್ನಾಗಿ ನೋಡಿ. ಕಂದು, ಕಪ್ಪು ಆದರೆ ಹೆದರಿಕೆಯಿಲ್ಲ. ಸ್ಕ್ರೂ ತುದಿಯ ಅಯಸ್ಕಾಂತದಲ್ಲಿ ವಿಭೂತಿಯಷ್ಟು ನಯವಾದ ಬೂದುಬಣ್ಣದ ಹಿಟ್ಟು ಅಂಟಿದ್ದರೆ ಅದು ಸಹಜ ಸವಕಳಿ. ಉಗುರಿಗೆ ಸಿಗುವ ಚೂರು ಇದ್ದರೆ ಗೇರಿನ ಹಲ್ಲು ಹೋಗುತ್ತಿದೆ ಅಂತ ಲೆಕ್ಕ. ಹಾಲು ಹಾಕಿದ ಕಾಫಿಯ ಹಾಗೆ ಇದ್ದರೆ ನೀರು ಒಳಗೆ ಬರುತ್ತಿದೆ. ಉಪ್ಪುನೀರು ಸೇರಿದ ಆಯಿಲು ಬೇರಿಂಗನ್ನು ಒಳಗಿಂದೊಳಗೇ ತಿನ್ನುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ನಡುಹೊಳೆಯಲ್ಲಿ, ಇಂಜಿನು ಓಡುತ್ತಿದ್ದು ಫ್ಯಾನು ತಿರುಗದಾದಾಗ.

ನೀರು ಬರುವ ದಾರಿ ಹೆಚ್ಚಾಗಿ ಎರಡು. ಒಂದು, ಈ ಸ್ಕ್ರೂಗಳ ಹಳೆ ವಾಷರು. ಅದು ಹೊಸತು ಹಾಕಿದರೆ ಮುಗಿಯಿತು. ಇನ್ನೊಂದು ಫ್ಯಾನಿನ ಶಾಫ್ಟಿನ ಆಯಿಲ್ ಸೀಲು. ಬಲೆ ಬಿಡುವ ಹೊಳೆಯಲ್ಲಿ ಓಡಾಡುವ ನಮಗೆ ಇದರ ಕಾಟ ಜಾಸ್ತಿ. ತುಂಡಾಗಿ ತೇಲುವ ಗಾಳದ ನೈಲಾನ್ ನೂಲು ಫ್ಯಾನಿಗೆ ಸುತ್ತಿ, ಹಿಂದಕ್ಕೆ ಸರಿದು, ಸೀಲಿನ ಬಾಯಿಯಲ್ಲಿ ಕೂರುತ್ತದೆ. ಕೂದಲಿನಷ್ಟು ಸಪೂರದ ನೂಲು ತಿರುಗಿ ತಿರುಗಿ ರಬ್ಬರನ್ನು ಕೊಯ್ಯುತ್ತದೆ. ಫ್ಯಾನು ಬಿಚ್ಚದೆ ಇದು ಕಾಣುವುದಿಲ್ಲ. ಆದ್ದರಿಂದ ಆಯಿಲು ಬದಲಿಸುವಾಗಲೆಲ್ಲ ಫ್ಯಾನು ಬಿಚ್ಚಿ, ನೂಲು ಇದ್ದರೆ ಕಿತ್ತು, ಶಾಫ್ಟಿಗೆ ಗ್ರೀಸು ಸವರಿ ಮರಳಿ ಹಾಕಬೇಕು. ಆಯಿಲಿನಲ್ಲಿ ನೀರು ಕಂಡರೆ ಹೊಸತು ತುಂಬಿ ಮರೆತುಬಿಡುವುದಲ್ಲ. ನಾಲ್ಕು ದಿನ ಓಡಿಸಿ ಮತ್ತೆ ಕೆಳಗಿನ ಸ್ಕ್ರೂ ಸಡಿಲಿಸಿ ನೋಡಿ. ಆಗಲೂ ಹಾಲು ಬಣ್ಣ ಇದ್ದರೆ ಸೀಲು ಬದಲಿಸಲು ಮೆಕ್ಯಾನಿಕ್ಕಿಗೆ ಕೊಡಲೇಬೇಕು. ಮೇ ತಿಂಗಳಲ್ಲಿ ಮಾಡಿದರೆ ಇದಕ್ಕೆಲ್ಲ ಸಮಯ ಇರುತ್ತದೆ. ಜೂನ್ ಹದಿನೈದಕ್ಕೆ ಗೊತ್ತಾದರೆ ಮೆಕ್ಯಾನಿಕ್ಕಿನ ಹತ್ತಿರ ಸರದಿ, ಇತ್ತ ಹೊಳೆ ತುಂಬಿ.

ತುಂಬುವುದು ಕೆಳಗಿನಿಂದ. ಮೇಲಿನಿಂದ ಹೊಯ್ದರೆ ಗಾಳಿ ಒಳಗೆ ಸಿಕ್ಕಿಕೊಂಡು, ತುಂಬಿದ ಹಾಗೆ ಕಂಡರೂ ಅರ್ಧವೇ ಇರುತ್ತದೆ. ಗೇರ್ ಆಯಿಲು ಮೂತಿ ಇರುವ ಟ್ಯೂಬಿನಲ್ಲಿ ಬರುತ್ತದೆ. ಅದು ಸಿಗದಿದ್ದರೆ ಹಸುವಿಗೆ ಮದ್ದು ಕುಡಿಸುವ ದೊಡ್ಡ ಸಿರಿಂಜಿಗೆ ಬಿಗಿಯಾಗುವ ಪೈಪಿನ ತುಂಡು ಸಿಕ್ಕಿಸಿದರೂ ನಡೆಯುತ್ತದೆ. ಇದಕ್ಕೇ ಒಂದು ಬೇರೆ ಸಿರಿಂಜು ಇಟ್ಟುಕೊಳ್ಳಿ, ಮತ್ತೆ ಅದನ್ನು ಹಟ್ಟಿಗೆ ಒಯ್ಯಬೇಡಿ. ಮೂತಿಯನ್ನು ಕೆಳಗಿನ ತೂತಿಗೆ ಒತ್ತಿ ಹಿಡಿದು ನಿಧಾನಕ್ಕೆ ಒತ್ತುತ್ತಾ ಹೋಗಿ. ಮೇಲಿನ ತೂತಿನಲ್ಲಿ ಮೊದಲು ಗುಳ್ಳೆ, ಆಮೇಲೆ ಗುಳ್ಳೆಯಿಲ್ಲದ ಆಯಿಲು ಬರುತ್ತದೆ. ಆಗ ಮೂತಿ ತೆಗೆಯದೆಯೇ, ಇನ್ನೊಬ್ಬರಿಂದ ಮೇಲಿನ ಸ್ಕ್ರೂ ಹಾಕಿಸಿ. ಬೊಂಡದ ಎರಡನೆಯ ತೂತು ಮುಚ್ಚಿತಲ್ಲ, ಇನ್ನು ಮೂತಿ ತೆಗೆದರೂ ಸುರಿಯುವುದಿಲ್ಲ. ಅವಸರವಿಲ್ಲದೆ ಕೆಳಗಿನ ಸ್ಕ್ರೂ ಕೂರಿಸಬಹುದು. ಹೆಚ್ಚೆಂದರೆ ಒಂದು ಚಮಚ ಹೋದೀತು.

ಹಳೇ ಆಯಿಲು ಏನು ಮಾಡುವುದು?

ನಮ್ಮಲ್ಲಿ ಇದಕ್ಕೆ ಗಿರಾಕಿಗಳು ಜಾಸ್ತಿ. ಬೇಲಿಗೂಟಕ್ಕೆ, ಹಟ್ಟಿಯ ಕಂಬಕ್ಕೆ, ಒರಲೆ ಹಿಡಿದ ತೆಂಗಿನ ಬುಡಕ್ಕೆ, ದೋಣಿಯ ಹೊಟ್ಟೆಗೆ. ನನಗೆ ಇದು ಯಾವುದೂ ಒಪ್ಪಿಗೆಯಿಲ್ಲ. ಓಡಿದ ಆಯಿಲಿನಲ್ಲಿ ಲೋಹದ ಸವಕಳಿಯೂ, ಉರಿದ ಇಂಧನದ ವಿಷಗಳೂ ಸೇರಿರುತ್ತವೆ. ಕ್ಯಾನ್ಸರ್ ತರುವಂಥವೂ ಅದರಲ್ಲಿವೆ. ಹಟ್ಟಿಯ ಕಂಬವನ್ನು ಹಸು ನೆಕ್ಕುತ್ತದೆ. ದೋಣಿಗೆ ಬಳಿದದ್ದು ಹೊಳೆಗೇ ಹೋಗುತ್ತದೆ. ಮರದ ದೋಣಿಗೆ ಗೇರುಬೀಜದ ಸಿಪ್ಪೆ ಎಣ್ಣೆ, ಮೀನೆಣ್ಣೆ ಹಚ್ಚುತ್ತಿದ್ದ ಹಿರಿಯರ ಕ್ರಮವೇ ಚೆನ್ನಾಗಿತ್ತು. ಒಲೆಗೆ ಹಾಕಿ ಉರಿಸುವುದಂತೂ ಬೇಡವೇ ಬೇಡ.

ಉಪಯೋಗಿಸಿದ ಆಯಿಲು 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮದ ಅಡಿಯಲ್ಲಿ ಬರುತ್ತದೆ, ಅದನ್ನು ಶುದ್ಧೀಕರಿಸಲು ಪರವಾನಿಗೆ ಪಡೆದ ಘಟಕಗಳಿವೆ. ನಾವು ನೇರ ಅಲ್ಲಿಗೆ ಹೋಗುವುದು ದೂರದ ಮಾತು. ದೊಡ್ಡ ಸರ್ವಿಸ್ ಸ್ಟೇಶನ್ನುಗಳು ಬ್ಯಾರಲಿನಲ್ಲಿ ತುಂಬಿಟ್ಟು ಅಂಥವರಿಗೆ ಕೊಡುತ್ತವೆ. ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿ ಕೂಡಿಟ್ಟು, ಐದು ಲೀಟರಾದಾಗ ಪೇಟೆಗೆ ಹೋಗುವ ದಿನ ಅಲ್ಲಿಗೆ ಕೊಟ್ಟು ಬರುತ್ತೇನೆ. ಪೆಟ್ರೋಲು, ಪೈಂಟು ತೆಗೆಯುವ ತಿನ್ನರು ಇದಕ್ಕೆ ಬೆರೆಸಬೇಡಿ, ಬೆರೆಸಿದರೆ ಅವರು ತೆಗೆದುಕೊಳ್ಳುವುದಿಲ್ಲ. ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆದು.

ಇಷ್ಟೆಲ್ಲಾ ಜಾಗ್ರತೆ ಮಾಡಿದರೂ ಒಂದೆರಡು ಹನಿ ಅಲ್ಲಿ ಇಲ್ಲಿ ಬಿದ್ದಿರುತ್ತದೆ. ಅದರ ಮೇಲೆ ಸಾಬೂನು ಹುಡಿ ಹಾಕಿ ನೀರು ಹೊಯ್ಯುವುದು ಅಭ್ಯಾಸ. ಸಾಬೂನು ಎಣ್ಣೆಯನ್ನು ಇಲ್ಲದಂತೆ ಮಾಡುವುದಿಲ್ಲ, ಸಣ್ಣ ಸಣ್ಣ ಹನಿ ಮಾಡಿ ನೀರಿಗೆ ಬೆರೆಸುತ್ತದೆ. ಕಣ್ಣಿಗೆ ಕಾಣದು, ಹೊಳೆಗೆ ಹೋಗುವುದು ಹೋಗಿಯೇ ಹೋಗುತ್ತದೆ. ನಾರಿನ ಹುಡಿ ಉದುರಿಸಿ ತಿಕ್ಕಿ ಗುಡಿಸಿ. ಡ್ರಮ್ಮಿನ ನೀರಿನ ಮೇಲೆ ತೆಳ್ಳಗೆ ಬಣ್ಣದ ಪೊರೆ ಕಂಡರೆ ಅದಕ್ಕೂ ಒಂದು ಮುಷ್ಟಿ ಹುಡಿ ಚೆಲ್ಲಿ, ಜಾಲರಿಯಲ್ಲಿ ಎತ್ತಿ, ಉಳಿದ ನೀರನ್ನು ಬಾವಿಯಿಂದ ದೂರ ಹೊಯ್ಯಿರಿ. ಎಣ್ಣೆ ಹೀರಿದ ಹುಡಿಯನ್ನು ಗೊಬ್ಬರದ ಗುಂಡಿಗೆ ಹಾಕದೆ ಬೇರೆ ಚೀಲದಲ್ಲಿ ಕಟ್ಟಿಡಿ.

ಕೊನೆಗೆ ಮತ್ತೆ ಡ್ರಮ್ಮಿಗಿಳಿಸಿ ಐದು ನಿಮಿಷ ಓಡಿಸಿ, ಬೋಲ್ಟು ಮತ್ತು ಫಿಲ್ಟರಿನ ಸುತ್ತ ಬೆರಳಾಡಿಸಿ ನೋಡಿ. ಆಮೇಲೆ ಕಡ್ಡಿ ಇನ್ನೊಮ್ಮೆ. ಹೊಸ ಫಿಲ್ಟರು ಸ್ವಲ್ಪ ಆಯಿಲು ಕುಡಿದಿರುತ್ತದೆ, ಅಷ್ಟು ಸೇರಿಸಿ. ಆ ರಾತ್ರಿ ಮೋಟಾರು ಸ್ಟ್ಯಾಂಡಿನಲ್ಲೇ ನಿಲ್ಲಲಿ, ಅಡಿಗೆ ಬಿಳಿ ಕಾಗದ ಹಾಸಿ. ಬೆಳಗ್ಗೆ ಕಾಗದದಲ್ಲಿ ಕಲೆ ಇದ್ದರೆ, ಅದು ಇರುವ ಜಾಗವೇ ಯಾವ ಸ್ಕ್ರೂ ಸೋರಿದ್ದು ಅಂತ ಹೇಳುತ್ತದೆ. ಕಾಗದ ಬಿಳಿಯಾಗಿಯೇ ಇದ್ದರೆ ದೋಣಿಗೇರಿಸಬಹುದು.